ಫಾರಂ ಮೊದಲು, ಯೂನಿವರ್ಸಿಟಿ ಆಮೇಲೆ

ಪ್ರಶ್ನೆ: ಮಗಳಿಗೆ ಹಾಸನದ ಕಾರೇಕೆರೆ ಕೃಷಿ ಕಾಲೇಜಿನಲ್ಲಿ ಬಿಎಸ್ಸಿ ಸೀಟು ಸಿಕ್ಕಿದೆ. ಅದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ್ದಂತೆ. ಬೇಲೂರು ದಾಟಿ ಮೂಡಿಗೆರೆಗೆ ಹೋದರೆ ಅಲ್ಲಿನ ಕೃಷಿ ಸಂಶೋಧನೆಯ ಫಾರಂ ಶಿವಮೊಗ್ಗದ ವಿಶ್ವವಿದ್ಯಾಲಯದ್ದಂತೆ. ಬಾಳೆಹೊನ್ನೂರಿನದು ಎರಡಕ್ಕೂ ಸೇರಿಲ್ಲವಂತೆ. ಇದೇನು ಸಾರ್ ಗೊಂದಲ? ಇವನ್ನೆಲ್ಲ ಯಾರು ಶುರು ಮಾಡಿದ್ದು?
— ಓದುಗರು, ಅರಕಲಗೂಡು

ಉತ್ತರ: ಮಗಳಿಗೆ ಒಳ್ಳೇದಾಗಲಿ. ಒಂದು ಜೊತೆ ಗಮ್‌ಬೂಟು ಕೊಡಿಸಿ. ಗದ್ದೆಗಿಳಿಯದೆ ಆ ಡಿಗ್ರಿ ಕೈಗೆ ಬರೋದಿಲ್ಲ.

ಯೂನಿವರ್ಸಿಟಿ ಮೊದಲು ಹುಟ್ಟಿತು, ಆಮೇಲೆ ಊರೂರಲ್ಲಿ ಸಂಶೋಧನಾ ಕೇಂದ್ರ ತೆರೆಯಿತು ಅಂತ ನೀವು ಅಂದುಕೊಂಡಿದ್ದೀರಿ. ಫಾರಂನಲ್ಲಿ ಕೆಲಸಕ್ಕೆ ಸೇರಿದಾಗ ನಾನೂ ಹಾಗೇ ಅಂದುಕೊಂಡಿದ್ದೆ. ನಡೆದದ್ದು ಉಲ್ಟಾ.

1899ರಲ್ಲಿ ಚಿಕ್ಕ ವಯಸ್ಸಿನ ಮಗನ ಪರವಾಗಿ ಮೈಸೂರಿನ ರೀಜೆಂಟ್ ಆಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಜಾಗ ಕೊಟ್ಟರು. ಲೆಹ್ಮನ್ ಅನ್ನುವ ಜರ್ಮನ್ ವಿಜ್ಞಾನಿ ಅಲ್ಲಿ ಯಾವ ಮಣ್ಣಿಗೆ ಯಾವ ಗೊಬ್ಬರ ಹಿಡಿಸುತ್ತದೆ ಅಂತ ನೋಡುತ್ತಿದ್ದರು. 1913ರಲ್ಲಿ ಅಲ್ಲೇ ಕೃಷಿ ಶಾಲೆ ಆಯಿತು. ಶಾಲೆ ಆಗಿ ಮೂವತ್ತು ವರ್ಷ ಕಳೆದ ಮೇಲೆ, 1946ರಲ್ಲಿ ಕಾಲೇಜು. ಅಷ್ಟರೊಳಗೆ ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ ನಾಲೆ) ಫಾರಂ ಬಂದಾಗಿತ್ತು, ಬಾಳೆಹೊನ್ನೂರಿನ ಕಾಫಿ ಸ್ಟೇಷನ್ನೂ ಬಂದಾಗಿತ್ತು. ವಿಶ್ವವಿದ್ಯಾಲಯ ಉದ್ಘಾಟನೆಯಾದದ್ದು 1964ರ ಆಗಸ್ಟ್ 21ಕ್ಕೆ. ಆಗ ಉಪರಾಷ್ಟ್ರಪತಿಯಾಗಿದ್ದ ಜಾಕೀರ್ ಹುಸೇನರು ಬಂದಿದ್ದರು. ಮೊದಲ ಕುಲಪತಿ ಡಾ. ಕೆ.ಸಿ. ನಾಯಕ್. ಸರ್ಕಾರದ ಇಲಾಖೆಗಳ ಕೈಯಲ್ಲಿದ್ದ ಸುಮಾರು 35 ಕೇಂದ್ರಗಳನ್ನು ಅದರ ಮಡಿಲಿಗೆ ಹಾಕಿದರು. ಸೊಸೆ ಬರುವ ಮೊದಲೇ ಮನೆ ತುಂಬ ಮೊಮ್ಮಕ್ಕಳಿದ್ದ ಹಾಗೆ, ಅಲ್ವಾ?

ಆಮೇಲೆ ಪಾಲು ಶುರುವಾಯಿತು. 1986ರಲ್ಲಿ ಧಾರವಾಡ ಬೇರೆಯಾಯಿತು. ದನ-ಎಮ್ಮೆಯ ಓದು ಬೀದರಿಗೆ ಹೋಯಿತು. ಬಾಗಲಕೋಟೆಗೆ ತೋಟಗಾರಿಕೆ, ರಾಯಚೂರಿಗೆ ಇನ್ನೊಂದು ಕೃಷಿ ವಿ.ವಿ. 2012ರಲ್ಲಿ ಶಿವಮೊಗ್ಗದ್ದು. ಹೊಸದು ಹುಟ್ಟಿದಾಗಲೆಲ್ಲ ಸುತ್ತಮುತ್ತಲಿನ ಫಾರಂಗಳ ಬೋರ್ಡು ಬದಲಾಗುತ್ತದೆ. ಮೂಡಿಗೆರೆ ಹೀಗೆ ಶಿವಮೊಗ್ಗದ ಪಾಲಿಗೆ ಬಂತು, ಹಾಸನ ಆಗ ಬೆಂಗಳೂರಿನಲ್ಲೇ ಉಳಿಯಿತು.

ಬಾಳೆಹೊನ್ನೂರಿನ ಕಥೆ ಬೇರೆ. ಕಾಫಿಗೆ ಎಲೆ ತುಕ್ಕು ರೋಗ ಬಿದ್ದು ತೋಟಗಳು ಬೋಳಾಗುತ್ತಿದ್ದ ಕಾಲ. ಮೈಸೂರು ಸರ್ಕಾರ 1925ರಲ್ಲಿ ಅಲ್ಲಿ ಕಾಫಿ ಪ್ರಯೋಗ ಕೇಂದ್ರ ಮಾಡಿತು. 1940ರ ದಶಕದಲ್ಲಿ ಅದು ಕಾಫಿ ಮಂಡಳಿಯ ಕೈ ಸೇರಿತು. ಮಂಡಳಿ ಕೇಂದ್ರ ಸರ್ಕಾರದ್ದು, ಅದೂ ವಾಣಿಜ್ಯ ಸಚಿವಾಲಯದ ಕೆಳಗೆ. ಹಾಗಾಗಿ ಯೂನಿವರ್ಸಿಟಿ ಬಂದಾಗ ಈ ಕೇಂದ್ರ ಅದರ ಲೆಕ್ಕಕ್ಕೆ ಬರಲಿಲ್ಲ. ನಮ್ಮ ಕಡೆ ಇವತ್ತಿಗೂ ತುಂಬಾ ತೋಟದಲ್ಲಿರುವ 795 ಅನ್ನುವ ಅರೇಬಿಕಾ ಕಾಫಿ ತಳಿ ಅಲ್ಲಿಂದಲೇ ಬಂದದ್ದು.

ಬೋರ್ಡು ಬದಲಾದರೆ ಕೆಳಗಿನವರಿಗೆ ಏನು ವ್ಯತ್ಯಾಸ ಅಂತ ಕೇಳಿದರೆ, ಲೆಟರ್‌ಹೆಡ್ಡು ಅಷ್ಟೆ ಅಂತೀನಿ. ನನ್ನ ಕೆಲಸ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ಮಿಲಿಮೀಟರ್ ಬರೆಯುವುದು. ಜುಲೈನಲ್ಲಿ ಕೊಡೆ ಗಾಳಿಗೆ ಮಗುಚಿಕೊಳ್ಳುತ್ತಿತ್ತು, ಕಾಲಿಗೆ ಉಂಬಳ, ಪೆನ್ಸಿಲ್ಲು ನೆನೆದ ಕಾಗದದ ಮೇಲೆ ಓಡುತ್ತಿರಲಿಲ್ಲ. ನನಗಿಂತ ಮುಂಚೆ ಇದ್ದವರೂ ಅದೇ ಎಂಟೂವರೆಗೆ ಬರೆದಿದ್ದರು. ನಾನು ದುಡಿದ ಒಂದು ಕಡೆ (ಯಾವುದು ಅಂತ ಕೇಳಬೇಡಿ) ಬೀರು ಖಾಲಿ ಮಾಡುವಾಗ ಆ ಹಳೇ ರಿಜಿಸ್ಟರ್‌ಗಳನ್ನು ಗುಜರಿಗೆ ಹಾಕಿಬಿಟ್ಟರು. ತೂಕದ ಲೆಕ್ಕ! ಗುಜರಿಯವನಿಗೆ ಟೀ ಕುಡಿಸಿ ಮೂರನ್ನು ಬಿಡಿಸಿಕೊಂಡೆ. ಒಂದಕ್ಕೆ ಆಗಲೇ ಗೆದ್ದಲು ಹತ್ತಿತ್ತು. ನಿಮ್ಮ ಮಗಳು ಯಾವ ಫಾರಂಗೆ ಹೋದರೂ ಮೊದಲು ಹಳೇ ಬೀರು ಎಲ್ಲಿದೆ ಅಂತ ಕೇಳಲಿ.

ಪ್ರಶ್ನೆ: ಅಡಿಕೆ ಕೊಳೆರೋಗಕ್ಕೆ ಔಷಧಿ ಕಂಡುಹಿಡಿದದ್ದು ಒಬ್ಬ ವಿದೇಶಿ ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ನಿಜವೇ?
— ಓದುಗರು, ಕೊಪ್ಪ

ಉತ್ತರ: ಅರ್ಧ ನಿಜ. ಅಜ್ಜ ಹೇಳಿದ್ದು ಲೆಸ್ಲಿ ಕೋಲ್ಮನ್ ಅವರ ವಿಷಯ ಇರಬೇಕು. ಕೆನಡಾದವರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು, 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದರು. ಔಷಧಿ ಅವರದಲ್ಲ. ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟದ್ದು, ಹೆಸರೇ ಆ ಊರಿನದು. ಕೋಲ್ಮನ್ ಮಾಡಿದ್ದು ಅದಕ್ಕಿಂತ ಕಷ್ಟದ ಕೆಲಸ ಅಂತ ನನಗನಿಸುತ್ತದೆ. ಕೊಳೆಗೆ ಕಾರಣ ಯಾವ ಶಿಲೀಂಧ್ರ ಅಂತ ಪತ್ತೆ ಮಾಡಿ 1910ರಲ್ಲಿ ಬರೆದರು. ಮಳೆ ಹಿಡಿಯುವ ಮೊದಲೇ ಗೊನೆಗೆ ದ್ರಾವಣ ಹೊಡೆದರೆ ಕಾಯಿ ಉಳಿಯುತ್ತದೆ ಅಂತ ತೋಟದಲ್ಲೇ ತೋರಿಸಿದರು. ಮಲೆನಾಡಿನಲ್ಲಿ ಅಲ್ಲಿಯವರೆಗೆ ಇದ್ದ ಉಪಾಯ ಕೊಟ್ಟೆ ಕಟ್ಟುವುದು. ಕರಡದ ಹುಲ್ಲು ಹೆಣೆದು ಒಂದೊಂದು ಗೊನೆಗೂ ಟೋಪಿ ಹಾಕಿದ ಹಾಗೆ ಕಟ್ಟಬೇಕು. ನನ್ನ ತಾತ ಕಟ್ಟುತ್ತಿದ್ದರು.

ಕೇಳದಿದ್ದರೂ ಹೇಳುತ್ತೇನೆ, ಯಾಕೆಂದರೆ ಈಗಿನ ಹುಡುಗರು ಇಲ್ಲೇ ತಪ್ಪುತ್ತಾರೆ. ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ನಿಧಾನಕ್ಕೆ ಹೊಯ್ಯಿರಿ. ಕಬ್ಬಿಣದ ಬಕೆಟ್ ಬೇಡವೇ ಬೇಡ, ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಆಮೇಲೆ ಉಜ್ಜಿ ಹೊಳಪು ಮಾಡಿದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಮಾಡಿದ ದಿನವೇ ಹೊಡೆದು ಮುಗಿಸಿ. ನಾಳೆಗೆ ಇಟ್ಟರೆ ಕೂಲಿ ದಂಡ.

ಪ್ರಶ್ನೆ: ಇಂಡಾಫ್ ರಾಗಿ ಅಂತಾರಲ್ಲ, ಅದು ಯಾವ ದೇಶದ ಹೆಸರು?
— ಓದುಗರು, ಚನ್ನರಾಯಪಟ್ಟಣ

ಉತ್ತರ: ಎರಡು ಹೆಸರು ಸೇರಿದ್ದು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಸಂಕರ ಮಾಡಿ ತೆಗೆದ ತಳಿಗಳು. ಮಾಡಿದವರು ಸಿ.ಎಚ್. ಲಕ್ಷ್ಮಣಯ್ಯನವರು, ಮಂಡ್ಯದ ವಿ.ಸಿ. ಫಾರಂನಲ್ಲಿ. ಜನ ಅವರನ್ನು 'ರಾಗಿ ಲಕ್ಷ್ಮಣಯ್ಯ' ಅಂತಲೇ ಕರೆದರು. ರಾಗಿ ಹೂವು ಎಷ್ಟು ಸಣ್ಣದು ಅಂದರೆ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಅದರಲ್ಲಿ ಸಂಕರ ಮಾಡಬೇಕಾದರೆ ಎಷ್ಟು ತಾಳ್ಮೆ ಬೇಕು, ನೀವೇ ಯೋಚನೆ ಮಾಡಿ.

ನಿಮ್ಮ ಹೊಲದಲ್ಲಿ ಬೆಂಕಿರೋಗದ ಕಾಟ ಇದ್ದರೆ ಜಿಪಿಯು 28 ಅನ್ನುವ ರಾಗಿ ತಳಿ ಹಾಕಿ, ಅದು ತಡೆದುಕೊಳ್ಳುತ್ತದೆ. ಮುದ್ದೆಗೆ ಯಾವುದು ರುಚಿ ಅಂತ ಮಾತ್ರ ನನ್ನನ್ನು ಕೇಳಬೇಡಿ. ನಮ್ಮ ಮನೆಯಲ್ಲಿ ಆ ಜಗಳ ಇನ್ನೂ ಮುಗಿದಿಲ್ಲ.