ಓದುಗರ ಪ್ರಶ್ನೆಗಳು: ಕರೆಂಟು ಹೋದರೂ ಇಂಟರ್ನೆಟ್ ಉಳಿಯಬೇಕಾದರೆ

ಪ್ರಶ್ನೆ: ನಮ್ಮ ಮನೆ ಪೇಟೆಯಿಂದ ಸಾಕಷ್ಟು ಒಳಗಿದೆ. ಮಗಳು ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದ್ದು, ರೌಟರನ್ನೂ ಅದೇ ಲೈನಿಗೆ ಕೊಟ್ಟಿದ್ದೇವೆ. ಆದರೂ ಕರೆಂಟು ಹೋದೊಡನೆ ರೌಟರ್ ಒಮ್ಮೆ ಆರಿ ಮತ್ತೆ ಹತ್ತಿಕೊಳ್ಳುತ್ತದೆ, ಅವಳ ಮೀಟಿಂಗ್ ಕಡಿದುಹೋಗುತ್ತದೆ. ರೌಟರ್ ಕೆಟ್ಟಿದೆಯೇ?
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ರೌಟರ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಲೈನಿನ ಕರೆಂಟಿನಿಂದ ಬ್ಯಾಟರಿಗೆ ಬದಲಾಗಲು ಇನ್ವರ್ಟರ್ ತೆಗೆದುಕೊಳ್ಳುವ ಚಿಕ್ಕ ಅವಧಿಯೇ ಇಲ್ಲಿನ ತೊಂದರೆ. ಸಾಮಾನ್ಯ ಸ್ಥಿತಿಯಲ್ಲಿ ಈ ಬದಲಾವಣೆಗೆ ಸುಮಾರು 40 ಮಿಲಿಸೆಕೆಂಡ್ ಬೇಕಾಗಬಹುದು. ಫ್ಯಾನು ತಿರುಗುವ ಭರದಲ್ಲಿ ಅದನ್ನು ದಾಟಿಬಿಡುತ್ತದೆ, ಬಲ್ಬು ಒಮ್ಮೆ ಮಿನುಗಿ ಸುಮ್ಮನಾಗುತ್ತದೆ. ರೌಟರಿನ ಸಣ್ಣ ಅಡಾಪ್ಟರಿಗಾದರೋ ಅಷ್ಟು ಹೊತ್ತು ವೋಲ್ಟೇಜನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ಹೀಗಾಗಿ ಕಣ್ಣು ಮಿಟುಕಿಸುವಷ್ಟರ ಅಡಚಣೆಗೆ ಎರಡು ಮೂರು ನಿಮಿಷಗಳ ದಂಡ ತೆರಬೇಕಾಗುತ್ತದೆ, ಏಕೆಂದರೆ ರೌಟರ್ ಮೊದಲಿನಿಂದ ಎದ್ದು ಇಂಟರ್ನೆಟ್ ಕೊಡುವವರ ಜಾಲಕ್ಕೆ ಮತ್ತೆ ಸೇರಿಕೊಳ್ಳಬೇಕು.

ತಮ್ಮ ಇನ್ವರ್ಟರಿನ ಹಿಂಬದಿಯನ್ನೊಮ್ಮೆ ನೋಡಿ. ಬಹಳಷ್ಟು ಮಾದರಿಗಳಲ್ಲಿ ಒಂದು ಬದಿಗೆ ಯುಪಿಎಸ್ ಎಂದೂ ಇನ್ನೊಂದು ಬದಿಗೆ ಇಕೋ ಅಥವಾ ನಾರ್ಮಲ್ ಎಂದೂ ಬರೆದ ಚಿಕ್ಕ ಸ್ವಿಚ್ ಇರುತ್ತದೆ. ಅದನ್ನು ಯುಪಿಎಸ್ ಕಡೆಗೆ ಹಾಕಿದರೆ ಬದಲಾವಣೆಯ ಅವಧಿ 10 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ, ಹೆಚ್ಚಿನ ರೌಟರುಗಳು ಅದನ್ನು ತಾಳಿಕೊಳ್ಳುತ್ತವೆ. ಆದರೆ ಹಳ್ಳಿಯ ಲೈನಿನಲ್ಲಿ ಇದಕ್ಕೊಂದು ತೊಡಕಿದೆ. ಯುಪಿಎಸ್ ಸ್ಥಿತಿಯಲ್ಲಿ ವೋಲ್ಟೇಜು ಸುಮಾರು 180ಕ್ಕಿಂತ ಕೆಳಗಿಳಿದರೆ ಇನ್ವರ್ಟರ್ ಆ ಕರೆಂಟನ್ನು ತಿರಸ್ಕರಿಸಿ ಬ್ಯಾಟರಿಗೆ ಹೋಗಿಬಿಡುತ್ತದೆ. ಸಂಜೆ ಹೊತ್ತು ತೋಟದ ಪಂಪುಗಳೆಲ್ಲ ಓಡುವಾಗ ವೋಲ್ಟೇಜು ಕುಸಿಯುವ ಊರಿನಲ್ಲಿ, ಕರೆಂಟು ಇದ್ದೂ ಬ್ಯಾಟರಿ ಖಾಲಿಯಾಗುತ್ತಾ ಹೋಗುತ್ತದೆ. ಅನಂತರ ನಿಜವಾಗಿ ಕರೆಂಟು ಹೋದಾಗ ಏನೂ ಉಳಿದಿರುವುದಿಲ್ಲ. ತಮ್ಮದು ಅಂಥ ಊರಾದರೆ ಸ್ವಿಚ್ಚನ್ನು ಇದ್ದಲ್ಲೇ ಬಿಟ್ಟು, ಇನ್ವರ್ಟರಿನ ಪ್ಲಗ್ಗಿಗೂ ರೌಟರಿಗೂ ನಡುವೆ ಒಂದು ಮಿನಿ ಯುಪಿಎಸ್, ಅಂದರೆ ರೌಟರಿಗೆಂದೇ ಬರುವ ಚಿಕ್ಕ ಬ್ಯಾಟರಿ ಡಬ್ಬಿ, ಇಡುವುದು ಒಳ್ಳೆಯದು. ಬದಲಾವಣೆಯ ಕ್ಷಣವನ್ನು ಅದು ದಾಟಿಸುತ್ತದೆ, ಮುಂದಿನ ಗಂಟೆಗಳನ್ನು ದೊಡ್ಡ ಬ್ಯಾಟರಿ ನೋಡಿಕೊಳ್ಳುತ್ತದೆ. ನನ್ನ ಮಟ್ಟಿಗೆ ಮಲೆನಾಡಿನ ಮನೆಗಳಿಗೆ ಇದಕ್ಕಿಂತ ಹೊಂದುವ ಏರ್ಪಾಡು ಬೇರೆ ಕಾಣುವುದಿಲ್ಲ.

ಪ್ರಶ್ನೆ: 10,000 ಎಂಎಎಚ್ ಮಿನಿ ಯುಪಿಎಸ್ ಕೊಂಡೆ. ಮೋಡೆಮ್ 1 ಆಂಪಿಯರಿನದು, ಹಾಗಾದರೆ 10 ಗಂಟೆ ಬರಬೇಕಲ್ಲ? ಎರಡೂವರೆ ಗಂಟೆಗೆ ನಿಂತುಹೋಗುತ್ತದೆ. ಅಂಗಡಿಯವರು ಮೋಸ ಮಾಡಿದರೇ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಅಂಗಡಿಯವರನ್ನು ದೂರುವ ಮೊದಲು ಲೆಕ್ಕವನ್ನು ನೋಡೋಣ. ಡಬ್ಬಿಯ ಮೇಲಿನ 10,000 ಎಂಎಎಚ್ ಎಂಬುದು ಒಳಗಿರುವ ಲಿಥಿಯಂ ಸೆಲ್ಲುಗಳ 3.7 ವೋಲ್ಟಿನ ಲೆಕ್ಕ, ಮೋಡೆಮಿಗೆ ಹೋಗುವುದು 12 ವೋಲ್ಟು. ಆದ್ದರಿಂದ ಆಂಪಿಯರುಗಳನ್ನು ಬಿಟ್ಟು ವ್ಯಾಟ್-ಅವರ್ ಹಿಡಿಯಬೇಕು: 10,000 ಎಂಎಎಚ್ ಎಂದರೆ 10 ಎಎಚ್, ಅದನ್ನು 3.7ರಿಂದ ಗುಣಿಸಿದರೆ 37 ವ್ಯಾಟ್-ಅವರ್. ವೋಲ್ಟೇಜು ಏರಿಸುವಲ್ಲಿ ಆರೇಳು ವ್ಯಾಟ್-ಅವರ್ ಸೋರಿಹೋಗಿ 30ರಷ್ಟು ಕೈಗೆ ಸಿಗುತ್ತದೆ. ತಮ್ಮ ಮೋಡೆಮ್ 12 ವೋಲ್ಟಿನಲ್ಲಿ 1 ಆಂಪಿಯರ್, ಅಂದರೆ 12 ವ್ಯಾಟ್ ಎಳೆಯುತ್ತಿದ್ದರೆ ಎರಡೂವರೆ ಗಂಟೆ ಎಂಬುದು ಸರಿಯಾದ ಫಲವೇ. ಇದೇ ಲೆಕ್ಕದಲ್ಲಿ 12 ವೋಲ್ಟಿನ, 150 ಎಎಚ್‌ನ ಇನ್ವರ್ಟರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇರುತ್ತದೆ. ಅರ್ಧ ಮಾತ್ರ ಬಳಸಿದರೂ, ಇನ್ವರ್ಟರ್ ಸುಮ್ಮನೆ ಹೊತ್ತಿಕೊಂಡಿರಲು ತಿನ್ನುವ 15-20 ವ್ಯಾಟನ್ನು ಕಳೆದರೂ, ಬೇರೇನನ್ನೂ ಹಚ್ಚದಿದ್ದರೆ ಮೋಡೆಮ್ ಒಂದು ಹಗಲು, ಒಂದು ರಾತ್ರಿ ದಾಟುತ್ತದೆ.

ಮಿನಿ ಯುಪಿಎಸ್ ಕೊಳ್ಳುವ ಇತರರಿಗೊಂದು ಸೂಚನೆ: ಅಡಾಪ್ಟರಿನ ಮೇಲಿನ ವೋಲ್ಟೇಜಿಗೂ ಯುಪಿಎಸ್ಸಿನ ವೋಲ್ಟೇಜಿಗೂ ವ್ಯತ್ಯಾಸ ಇರಕೂಡದು, ಯುಪಿಎಸ್ಸಿನ ಆಂಪಿಯರ್ ಹೆಚ್ಚಿದ್ದರೆ ಅಡ್ಡಿಯಿಲ್ಲ. ಪಿನ್ನಿನ ಒಳ ಅಳತೆಯಲ್ಲಿ 2.1 ಮತ್ತು 2.5 ಮಿಲಿಮೀಟರ್ ಎಂಬ ಎರಡು ಬಗೆಗಳಿದ್ದು, ನೋಟಕ್ಕೆ ಅವು ಅವಳಿಗಳಂತಿರುತ್ತವೆ. ಪಿನ್ನು ಸಡಿಲವಾಗಿ ರೌಟರ್ ಆಗಾಗ ಆರುವುದನ್ನು ಬ್ಯಾಟರಿಯ ದೋಷವೆಂದು ತಿಳಿದವರನ್ನು ಕಂಡಿದ್ದೇನೆ.

ಪ್ರಶ್ನೆ: ಕರೆಂಟು ಹೋದಾಗ ಮೋಡೆಮಿನ ದೀಪಗಳೆಲ್ಲ ಉರಿಯುತ್ತವೆ, ವೈಫೈ ಕೂಡ ಕಾಣಿಸುತ್ತದೆ. ಆದರೆ ಅರ್ಧ ಗಂಟೆಯಾದ ಮೇಲೆ ಇಂಟರ್ನೆಟ್ ಇರುವುದಿಲ್ಲ. ಇನ್ನೂ ದೊಡ್ಡ ಬ್ಯಾಟರಿ ಬೇಕೇ?
— ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಬೇಡ. ದೀಪಗಳು ಉರಿಯುತ್ತಿರುವಾಗ ತಮ್ಮ ಮನೆಯ ಕೆಲಸ ಮುಗಿದಿದೆ, ಕೊರತೆ ಇರುವುದು ಮನೆಯಾಚೆ. ಹಳೆಯ ತಾಮ್ರದ ತಂತಿಯ ದೂರವಾಣಿ ನೆನಪಿರಬಹುದು: ಊರೆಲ್ಲ ಕತ್ತಲಾದರೂ ಅದು ಮಾತಾಡುತ್ತಿತ್ತು, ಏಕೆಂದರೆ ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿಯೇ ಅದೇ ತಂತಿಯ ಮೂಲಕ ಮನೆಯ ಫೋನಿಗೂ ಕರೆಂಟು ಕೊಡುತ್ತಿತ್ತು. ಈಗಿನ ಫೈಬರಿನ ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆಯೇ ಹೊರತು ಕರೆಂಟಲ್ಲ. ಹೀಗಾಗಿ ಫೈಬರಿನಲ್ಲಿ ಎರಡು ತುದಿಗಳಿಗೂ ಬೇರೆ ಬೇರೆಯಾಗಿ ಬ್ಯಾಟರಿ ಇರಲೇಬೇಕು.

ದಾರಿಯಲ್ಲಿ ಕಂಬಕ್ಕೆ ಕಟ್ಟಿದ, ಒಂದು ಎಳೆಯ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಸ್ಪ್ಲಿಟರ್ ಡಬ್ಬಿಗೆ ಕರೆಂಟು ಬೇಡ. ಆದರೆ ಅದರಾಚೆಯ ತುದಿಯಲ್ಲಿ, ಎಕ್ಸ್‌ಚೇಂಜಿನಲ್ಲೋ ಕೇಬಲ್ ನಡೆಸುವವರ ಕೋಣೆಯಲ್ಲೋ, ಮನೆಗಳಿಗೆ ಬೆಳಕಿನ ಸಂಕೇತ ಕಳಿಸುವ ಓಎಲ್‌ಟಿ ಎಂಬ ಯಂತ್ರ ಇರುತ್ತದೆ. ಅದು ಆರಿದರೆ ಅದರ ಕೆಳಗಿನ ಮನೆಗಳಿಗೆಲ್ಲ ಸಂಪರ್ಕ ತಪ್ಪುತ್ತದೆ. ಮುಂದಿನ ಬಾರಿ ಹೀಗಾದಾಗ ಮೋಡೆಮಿನ ಎರಡು ದೀಪಗಳನ್ನು ಗಮನಿಸಿ. ಪಿಓಎನ್ ದೀಪ ಹಸಿರಾಗಿ ಸ್ಥಿರವಾಗಿದ್ದರೆ ಓಎಲ್‌ಟಿ ಜೀವಂತವಾಗಿದೆ, ತೊಡಕು ಅದಕ್ಕಿಂತ ಮೇಲಿನದು. ಎಲ್‌ಓಎಸ್ ದೀಪ ಕೆಂಪಾಗಿ ಮಿನುಗಿದರೆ ಬೆಳಕೇ ತಲುಪುತ್ತಿಲ್ಲ: ಒಂದೋ ಓಎಲ್‌ಟಿ ಆರಿದೆ, ಇಲ್ಲವೇ ಕೇಬಲ್ ತುಂಡಾಗಿದೆ. ಕರೆಂಟು ಬಂದೊಡನೆ ತಾನಾಗಿ ಸರಿಹೋದರೆ ಮೊದಲನೆಯದು, ಬಂದ ಮೇಲೂ ಕೆಂಪು ಹೋಗದಿದ್ದರೆ ಎರಡನೆಯದು. ಆರಿದ್ರಾ ಮಳೆಗೆ ಮರ ಬಿದ್ದಾಗ ಕರೆಂಟಿನ ತಂತಿಯೂ ಅದೇ ಕಂಬದ ಫೈಬರೂ ಒಟ್ಟಿಗೇ ಹರಿಯುವುದು ನಮ್ಮ ಕಡೆ ಹೊಸತೇನಲ್ಲ.

ತಾವು ಬರೆದಂತೆ ಪ್ರತಿ ಸಲವೂ ಅರ್ಧ ಗಂಟೆಗೇ ನಿಲ್ಲುವುದಾದರೆ ನನ್ನ ಅನುಮಾನ ಓಎಲ್‌ಟಿಯ ಬ್ಯಾಟರಿ ಸೊರಗಿರುವುದರ ಮೇಲಿದೆ. ಎರಡು ಮೂರು ಬಾರಿಯ ದಿನಾಂಕ, ಕರೆಂಟು ಹೋದ ಹೊತ್ತು, ಕೆಂಪು ದೀಪ ಬಂದ ಹೊತ್ತು ಇವನ್ನು ಬರೆದಿಟ್ಟುಕೊಂಡು ಸಂಪರ್ಕ ಕೊಟ್ಟವರಿಗೆ ತೋರಿಸಿ. ಸುತ್ತಲಿನ ನಾಲ್ಕು ಮನೆಯವರೂ ಜೊತೆಗೆ ಬಂದರೆ ಮಾತಿಗೆ ತೂಕ ಹೆಚ್ಚು.

ಪ್ರಶ್ನೆ: ಗುಡುಗು ಬಂದಾಗ ರೌಟರಿನ ಪ್ಲಗ್ಗು ಕೀಳುವುದು ರೂಢಿ. ಯುಪಿಎಸ್ ಹಾಕಿದ ಮೇಲೂ ಹಾಗೆ ಮಾಡಬೇಕೇ?
— ಓದುಗರೊಬ್ಬರು, ಸುಳ್ಯ

ಉತ್ತರ: ಮಾಡಬೇಕು, ಆದರೆ ಕೀಳಬೇಕಾದದ್ದು ಯುಪಿಎಸ್ಸಿನ ಪ್ಲಗ್ಗನ್ನು. ಗುಡುಗು ದೂರದಲ್ಲಿ ಕೇಳಿಸಿದಾಗಲೇ ಗೋಡೆಯಿಂದ ಅದನ್ನು ತೆಗೆದುಬಿಟ್ಟರೆ ಕರೆಂಟಿನ ಲೈನಿನ ನಂಟು ಕಡಿಯುತ್ತದೆ, ರೌಟರ್ ಮಾತ್ರ ಬ್ಯಾಟರಿಯ ಮೇಲೆ ನಡೆಯುತ್ತಲೇ ಇರುತ್ತದೆ. ಫೈಬರಿನ ಗಾಜು ಸಿಡಿಲನ್ನು ಒಯ್ಯುವುದಿಲ್ಲ. ಆದರೆ ಕಂಬದಿಂದ ಮನೆಗೆ ಎಳೆಯುವ ಕೇಬಲಿನಲ್ಲಿ ಆಸರೆಗೆಂದು ಉಕ್ಕಿನ ತಂತಿಯೊಂದು ಇರುತ್ತದೆ. ಅದನ್ನು ಹೊರಗೋಡೆಯ ಕೊಕ್ಕೆಯಲ್ಲೇ ನಿಲ್ಲಿಸಿ ಫೈಬರನ್ನಷ್ಟೇ ಒಳಗೆ ತರಲು ಕೇಬಲಿನವರಿಗೆ ಹೇಳಿ.