ಪ್ರತಿಕ್ರಿಯೆ: ಸೇನಾ ಗುಪ್ತಚರ ಅಧಿಕಾರಿಯಾಗಲು ನೇರ ಪರೀಕ್ಷೆ ಇದೆಯೇ?

ಬಿ.ಎ. ಅಂತಿಮ ವರ್ಷದಲ್ಲಿರುವ, ಗಣಿತದಲ್ಲಿ ಹಿಂದಿರುವ ತಮ್ಮ ಮಗ ಬೆಳಗಾವಿಯಿಂದಲೇ ಸೇನಾ ಗುಪ್ತಚರ ವಿಭಾಗಕ್ಕೆ ನೇರವಾಗಿ ಸೇರಬಹುದೇ ಎಂದು ತಾವು ಕೇಳಿದ್ದೀರಿ. ಅಂಥ ಪ್ರತ್ಯೇಕ ಪರೀಕ್ಷೆ ಇಲ್ಲ. ಇಂಟೆಲಿಜೆನ್ಸ್ ಬ್ಯೂರೋದ ನೇಮಕಾತಿ ಜಾಹೀರಾತನ್ನು ಇದರೊಂದಿಗೆ ಬೆರೆಸಬೇಡಿ; ಅದು ಗೃಹ ಸಚಿವಾಲಯದ ಅಧೀನದ ನಾಗರಿಕ ಸಂಸ್ಥೆ.

ಪದವೀಧರರು ಸಾಮಾನ್ಯವಾಗಿ ಯುಪಿಎಸ್‌ಸಿ ವರ್ಷಕ್ಕೆ 2 ಬಾರಿ ನಡೆಸುವ ಸಿಡಿಎಸ್ (ಸೇನಾ ಅಧಿಕಾರಿ ಹುದ್ದೆಗಳಿಗಾಗಿ ನಡೆಯುವ ಸಂಯುಕ್ತ ರಕ್ಷಣಾ ಸೇವೆಗಳ) ಪರೀಕ್ಷೆ ಬರೆದು, ಎಸ್‌ಎಸ್‌ಬಿ (ಸೇವಾ ಆಯ್ಕೆ ಮಂಡಳಿ) ನಡೆಸುವ 5 ದಿನಗಳ ಸಂದರ್ಶನ ಹಾಗೂ ವೈದ್ಯಕೀಯ ತಪಾಸಣೆ ದಾಟಿ ಸೇನಾ ತರಬೇತಿ ಅಕಾಡೆಮಿ ಸೇರುತ್ತಾರೆ. ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯನ್ನಷ್ಟೇ ಆಯ್ದವರಿಗೆ ಗಣಿತ ಪತ್ರಿಕೆ ಇರುವುದಿಲ್ಲವಾದ್ದರಿಂದ ತಮ್ಮ ಮಗನಿಗೆ ಅದೇ ಸೂಕ್ತವೆಂದು ನನಗನ್ನಿಸುತ್ತದೆ. ಸೇನೆಯ ಗುಪ್ತಚರ ವಿಭಾಗವಾದ ಇಂಟೆಲಿಜೆನ್ಸ್ ಕೋರ್ ಸಿಗುವುದು ತರಬೇತಿಯ ಕೊನೆಯಲ್ಲಿ, ಅರ್ಹತೆ, ಅಭ್ಯರ್ಥಿಯ ಆದ್ಯತೆಯ ಕ್ರಮ ಮತ್ತು ಖಾಲಿ ಸ್ಥಾನಗಳನ್ನು ನೋಡಿ ನಡೆಯುವ ಹಂಚಿಕೆಯಲ್ಲಿ. ಆ ಕೋರಿನ ವಿಶೇಷ ತರಬೇತಿ ಶಾಲೆ ಪುಣೆಯಲ್ಲಿದೆ.

ಕೋರ್ ಸಿಗದಿದ್ದರೂ ದಾರಿ ಪೂರ್ತಿ ಮುಚ್ಚುವುದಿಲ್ಲ. ಪ್ರತಿ ಕಾಲಾಳು ಬೆಟಾಲಿಯನ್‌ನಲ್ಲೂ ಒಬ್ಬ ಗುಪ್ತಚರ ಅಧಿಕಾರಿ ಇರುತ್ತಾರೆ. ಗಸ್ತಿನಿಂದ ಮರಳಿದವರು ಹೇಳಿದ್ದನ್ನು ಬರೆದುಕೊಂಡು, ಹಳೆಯ ವರದಿಗಳೊಡನೆ ತಾಳೆ ನೋಡಿ, ನಕ್ಷೆಯಲ್ಲಿ ಗುರುತು ಹಾಕಿ ಕಮಾಂಡರ್ ಮುಂದಿಡುವುದು ಅವರ ದಿನನಿತ್ಯದ ಕೆಲಸ. ಸಿನಿಮಾದ ವೇಷಾಂತರ ಅಲ್ಲಿಲ್ಲ. ನಮ್ಮ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಬೆಟಾಲಿಯನ್‌ಗಳಲ್ಲೂ ಈ ಹುದ್ದೆ ಇದೆ.