ಗುರುತಿಲ್ಲದವರಿಗೆ ಕ್ರಿಸ್ತನ ಪ್ರೀತಿ ತೋರಿಸೋಕೆ ಧೈರ್ಯ ಬರ್ತಿಲ್ಲ, ಏನು ಮಾಡಲಿ?

ಬಸ್ಸಿನಲ್ಲಿ, ಅಂಗಡಿಯಲ್ಲಿ ಯಾರ ಹತ್ತಿರವೂ ಯೇಸುವಿನ ಮಾತು ತೆಗೆಯೋಕೆ ಬಾಯಿ ಬರಲ್ಲ ಅಂತ ಬರೆದಿದ್ದೀರಿ. ನನಗೆ ಬಾಯಿ ಬರುತ್ತಿತ್ತು. ಅದರಿಂದ ಒಂದು ಮಗು ಎರಡು ರಾತ್ರಿ ಜಾಸ್ತಿ ನೋವು ತಿಂದಿತು.

ನಾನು ಕಲಬುರಗಿಯವನು, ಮೆಥೋಡಿಸ್ಟ್ ಸಭೆಯವನು. ಕೆಲವು ವರ್ಷಗಳ ಹಿಂದೆ ಪ್ರತಿ ಶನಿವಾರ ಉಪವಾಸ ಪ್ರಾರ್ಥನೆ ಮುಗಿಸಿ ಇಲ್ಲಿನ ಒಂದು ದೊಡ್ಡ ಆಸ್ಪತ್ರೆಗೆ ಹೋಗುತ್ತಿದ್ದೆ. ಚೀಲದಲ್ಲಿ ಪಲಾವ್ ಪೊಟ್ಟಣ, ಜೊತೆಗೆ ಕರಪತ್ರ. ಸುರಪುರ, ಸೇಡಂ, ಆಳಂದ ಕಡೆಯಿಂದ ಪೇಷಂಟ್ ಕರೆತಂದವರು ಹೊರಗೆ ಬೇವಿನ ಮರದ ಕೆಳಗೆ ಮಲಗಿರುತ್ತಾರೆ. ಅವರಿಗೆ ಹಂಚುತ್ತಿದ್ದೆ.

ಅವತ್ತು ಮೇ ತಿಂಗಳ ಬಿಸಿಲು. ಮೆಟ್ಟಿಲ ಮೇಲೆ ಒಬ್ಬ ಮುತ್ಯಾ, ಅಂದರೆ ಅಜ್ಜ, ಕೂತಿದ್ದರು. ಬಿಳಿ ರುಮಾಲು, ಹಣೆಗೆ ವಿಭೂತಿ, ಕೈಯಲ್ಲಿ ಮಡಚಿದ ಚೀಟಿ. ನಾನು ಹತ್ತಿರ ಹೋದ ಕೂಡಲೇ ಚೀಟಿ ಮುಂದೆ ಹಿಡಿದು "ತಮ್ಮಾ, ಇದೊಂದೀಟು..." ಅಂದರು. "ಮುತ್ಯಾ, ಮೊದಲ ಊಟಾ ಮಾಡ್ರಿ" ಅಂದೆ. ಪೊಟ್ಟಣ ಕೊಟ್ಟೆ. ಯಾರಿಗೆ ಆರಾಮಿಲ್ಲ ಅಂತ ಕೇಳಿದೆ. ಮೊಮ್ಮಗಳಿಗೆ ಅಂದರು. ಅಲ್ಲೇ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದೆ. ಆಮೇಲೆ ಯೇಸು ರೋಗಿಗಳನ್ನು ಮುಟ್ಟಿ ಗುಣ ಮಾಡಿದ್ದನ್ನು ಹೇಳುತ್ತಾ ಕೂತೆ. ಅರ್ಧ ಗಂಟೆ ಆಗಿರಬೇಕು. ಅವರು ಕೈಮುಗಿದು ಕೇಳಿದರು. ನಡುವೆ ಇನ್ನೊಂದು ಸಲ ಚೀಟಿ ಎತ್ತಿದರು. ನಾನು ಅದೇ ಕೈಯಲ್ಲಿ ಕರಪತ್ರ ಇಟ್ಟೆ.

ಇದನ್ನು ಬಿಡಿಸಿ ಹೇಳಲೇಬೇಕು. ನನಗೆ ಅವರ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ಪ್ರಾರ್ಥನೆ ಮಾಡುವಾಗ ನಿಜವಾಗಿ ಕಣ್ಣೀರು ಬಂದಿತ್ತು. ಆದರೆ ಅವರಿಗೆ ಏನು ಬೇಕು ಅಂತ ಮನೆಯಿಂದ ಹೊರಡುವಾಗಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಅನ್ನ, ಆಮೇಲೆ ಸುವಾರ್ತೆ. ಮೂರನೆಯದು ಒಂದಿರಬಹುದು ಅಂತ ತಲೆಗೇ ಬರಲಿಲ್ಲ. ಇನ್ನೂ ಒಂದಿದೆ. ಅವರು ಸುಮ್ಮನೆ ಕೂತಿದ್ದನ್ನು ಆಸಕ್ತಿ ಅಂದುಕೊಂಡೆ. ನಮ್ಮ ಕಡೆ ಹಿರಿಯರು ದೇವರ ಮಾತು ಆಡುವವರನ್ನು ನಡುವೆ ತಡೆಯಲ್ಲ. ಮೇಲಾಗಿ, ಊಟ ಕೊಟ್ಟವನಿಗೆ "ಸಾಕು, ನನ್ನ ಮಾತು ಕೇಳು" ಅಂತ ಯಾರು ಹೇಳುತ್ತಾರೆ? ಪೊಟ್ಟಣ ಕೊಟ್ಟು ಅವರ ಬಾಯಿ ಕಟ್ಟಿದ್ದೆ.

ಭಾನುವಾರ ಆರಾಧನೆ ಮುಗಿಸಿ ಆ ದಾರಿಯಲ್ಲಿ ಬಂದೆ. ಮುತ್ಯಾ ಅದೇ ಮೆಟ್ಟಿಲ ಮೇಲಿದ್ದರು. ಈ ಸಲ ಚೀಟಿ ಇಸಿದುಕೊಂಡು ಓದಿದೆ. ಸ್ಕ್ಯಾನಿಂಗ್ ಚೀಟಿ. ಶನಿವಾರ ಮಧ್ಯಾಹ್ನ 1 ಗಂಟೆಯೊಳಗೆ ಕೌಂಟರಿನಲ್ಲಿ ಕೊಡಬೇಕಿತ್ತು. ಅವರಿಗೆ ಓದು ಬರಲ್ಲ. ನಾನು ಎದ್ದು ಹೋಗುವ ಹೊತ್ತಿಗೆ ಕೌಂಟರ್ ಮುಚ್ಚಿತ್ತು. ಇನ್ನು ಸೋಮವಾರವೇ. ಒಳಗೆ ಆ ಹುಡುಗಿ ಹೊಟ್ಟೆನೋವಿನಿಂದ ಒದ್ದಾಡುತ್ತಿದ್ದಳು.

"ನಿನ್ನೆ ಯಾಕ ಹೇಳಲಿಲ್ಲ ಮುತ್ಯಾ?"

"ದೇವರ ಮಾತ ಹೇಳ್ಲಾಕತ್ತಿದ್ರಿ ತಮ್ಮಾ. ನಡುವ ಹ್ಯಾಂಗ ಕೇಳಬೇಕು?"

ಸೋಮವಾರ ಕೆಲಸಕ್ಕೆ ರಜೆ ಹಾಕಿ ಅವರ ಜೊತೆ ಸಾಲಿನಲ್ಲಿ ನಿಂತೆ. ಕಾಯುವಾಗ ಮುತ್ಯಾ ಗಂಟು ಬಿಚ್ಚಿದರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ. "ತಗೋರಿ" ಅಂದರು. ಬ್ಯಾಡ ಅನ್ನೋಕೆ ಹೋದೆ. ಆಗ ಸಮಾರ್ಯದ ಹೆಂಗಸಿನ ಕಥೆ ನೆನಪಾಯಿತು. ಬೈಬಲಿನಲ್ಲಿ ಯೋಹಾನ 4ನೇ ಅಧ್ಯಾಯ. ಬಾವಿಯ ಹತ್ತಿರ ಯೇಸು ಅವಳಿಗೆ ಮೊದಲು ಏನೂ ಕೊಡಲಿಲ್ಲ, ಕುಡಿಯಲು ನೀರು ಕೇಳಿದ. ಯೇಸು ಯೆಹೂದ್ಯ. ಯೆಹೂದ್ಯರು ಸಮಾರ್ಯದವರ ಜೊತೆ ಹೊಕ್ಕುಬಳಕೆ ಇಟ್ಟುಕೊಳ್ಳದ ಕಾಲ ಅದು. ಅವಳ ಕೊಡದಿಂದ ನೀರು ಕೇಳಿದ್ದರಿಂದಲೇ ಮಾತು ಶುರುವಾಯಿತು. ಮುತ್ಯಾನ ರೊಟ್ಟಿ ತಿಂದೆ. ಅಲ್ಲಿಂದ ಅವರು ತಾವಾಗಿ ಮಾತಾಡಿದರು. ಮಗ-ಸೊಸೆ ಮುಂಬೈಗೆ ಗುಳೆ ಹೋಗಿದ್ದು, ಹುಡುಗಿ ಇವರ ಹತ್ತಿರವೇ ಬೆಳೆದಿದ್ದು, ಎಲ್ಲಾ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಧೈರ್ಯ ಬೇಕಾಗಿಲ್ಲ. "ತೋರಿಸೋದು" ಅನ್ನೋ ಮಾತನ್ನೂ ಬಿಟ್ಟುಬಿಡಿ. ಲೂಕ 10ರಲ್ಲಿ ಒಳ್ಳೆಯ ಸಮಾರ್ಯದವನ ಕಥೆ ಮತ್ತೆ ಓದಿ ನೋಡಿ. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ತನ್ನ ಪ್ರಾಣಿಯ ಮೇಲೆ ಕೂರಿಸಿದ. ಛತ್ರದವನಿಗೆ ಎರಡು ದಿನಾರಿ ಕೊಟ್ಟ, ಅಂದರೆ ಕೂಲಿಯವನ ಎರಡು ದಿನದ ಕೂಲಿ. ಜಾಸ್ತಿ ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಅಂದ. ಇಡೀ ಕಥೆಯಲ್ಲಿ ಅವನು ಆಡಿದ ಮಾತು ಛತ್ರದವನ ಜೊತೆ ಮಾತ್ರ. ಗಾಯಗೊಂಡವನಿಗೆ ಒಂದು ಮಾತು ಹೇಳಿದ್ದೂ ಅಲ್ಲಿಲ್ಲ.

ನಮ್ಮ ಊರಲ್ಲಿ ಶರಣಬಸವೇಶ್ವರರ ದಾಸೋಹದ ಹೆಸರು ಕೇಳದವರಿಲ್ಲ. ಹಸಿದು ಬಂದವರನ್ನು ನೀನು ಯಾರು ಅಂತ ಕೇಳದೆ ಉಣಿಸುವುದನ್ನು ನೋಡುತ್ತಾ ಬೆಳೆದವನು ನಾನು. ಆದರೂ ನಾನು ಕಲಿತದ್ದು ತಡವಾಗಿ.

ಈಗ ಕರಪತ್ರ ಒಯ್ಯಲ್ಲ. ಸಭೆಯಲ್ಲಿ ಕೆಲವರಿಗೆ ಇದು ಸರಿ ಕಾಣಲ್ಲ, ಅವರ ಜೊತೆ ವಾದ ಮಾಡಿದ್ದೇನೆ, ಇನ್ನೂ ಮಾಡುತ್ತೇನೆ. ಶನಿವಾರ ಕೌಂಟರ್ ಮುಚ್ಚುವ ಮೊದಲೇ ಹೋಗಿ ಚೀಟಿ ಓದಿ ಹೇಳುತ್ತೇನೆ, ಫಾರ್ಮ್ ತುಂಬಿಕೊಡುತ್ತೇನೆ. ಯಾಕೆ ಬರುತ್ತೀರಿ ಅಂತ ಯಾರಾದರೂ ಕೇಳಿದರೆ ಯೇಸುವಿನ ಹೆಸರು ಹೇಳುತ್ತೇನೆ, ಮುಚ್ಚಿಡಲ್ಲ.

ನೀವು ಬೀದರಿನವರು ಅಂದಿದ್ದೀರಿ. ನಿಮ್ಮ ಬಸ್ ಸ್ಟ್ಯಾಂಡಿಗೆ ಮಹಾರಾಷ್ಟ್ರದ ಉದಗೀರ, ತೆಲಂಗಾಣದ ಜಹೀರಾಬಾದ್ ಕಡೆಯವರು ಬರುತ್ತಾರೆ ಅಲ್ವಾ? ಅವರಲ್ಲಿ ಎಷ್ಟೋ ಜನಕ್ಕೆ ಕನ್ನಡ ಬೋರ್ಡ್ ಓದೋಕೆ ಬರಲ್ಲ. ನಾಳೆ ಬಸ್ಸಿಗೆ ಕಾಯುವಾಗ ಪಕ್ಕದವರನ್ನು "ಎಲ್ಲಿಗೆ ಹೊಂಟೀರಿ?" ಅಂತ ಕೇಳಿ. ಉತ್ತರ ಪೂರ್ತಿ ಕೇಳಿಸಿಕೊಳ್ಳಿ. ನಿಮ್ಮ ಬಸ್ ತಪ್ಪಿದರೂ ಅವರದ್ದು ತಪ್ಪದಿರಲಿ.